ಹಿಂಡಿಯಲ್ಲಿ ಬಿಟ್ಟ ಎಣ್ಣೆ

"ಅಜ್ಜಾರ, ಹನ್ನೊಂದು ವರ್ಷ ಕಾದೀನಿ. ಕಾದವಗ ಫಲ ಅದ ಅಂತ ನೀವ ಹೇಳ್ತೀರಿ. ನನಗ್ಯಾಕ ಅರಿವು ಇನ್ನೂ ಸಿಗವಲ್ದು?"

ಶಿಷ್ಯ ಅಡಿವೆಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾಲ್ಕು ದಿನದ ಜ್ವರ ಬಿಟ್ಟು ಆಗ ತಾನೇ ಗಂಜಿ ಕುಡಿದಿದ್ದರು. ಅಡಿವೆಯ್ಯನ ಈ ಪ್ರಶ್ನೆ ಅವರಿಗೆ ಹೊಸದೇನಲ್ಲ. ವರ್ಷಕ್ಕೊಮ್ಮೆಯಾದರೂ ಅವನು ಕೇಳುತ್ತಿದ್ದ, ಅವರು ನಕ್ಕು ಸುಮ್ಮನಾಗುತ್ತಿದ್ದರು.

ಅಡಿವೆಯ್ಯ ಕೆಟ್ಟವನಲ್ಲ. ಹನ್ನೊಂದು ವರ್ಷದಲ್ಲಿ ಒಂದು ಪ್ರವಚನವನ್ನೂ ತಪ್ಪಿಸಿದವನಲ್ಲ. ಐದು ವರ್ಷದ ಹಿಂದೆ ಗುರುಗಳು ಅವನನ್ನು ಗುಡ್ಡದ ಮೇಲಿನ ಮಠಕ್ಕೆ ಹೋಗು ಎಂದಿದ್ದರು. ಅಲ್ಲಿ ಚಾವಣಿ ಕುಸಿದಿತ್ತು, ಬಾವಿಗೆ ಹೂಳು ತುಂಬಿತ್ತು, ಜನ ಬರುವುದನ್ನೇ ಬಿಟ್ಟಿದ್ದರು. ನಾಲ್ಕು ವರ್ಷ ಮೈಮುರಿದು ದುಡಿದರೆ ಆ ಮಠ ಮತ್ತೆ ನಿಲ್ಲುತ್ತದೆ, ಅಲ್ಲಿಯ ತನಕ ನಿನಗೆ ಪ್ರವಚನವೂ ಇಲ್ಲ, ಕಣ್ಣು ಮುಚ್ಚಿ ಕೂರಲು ಪುರುಸೊತ್ತೂ ಇಲ್ಲ ಎಂದು ಬಿಚ್ಚಿ ಹೇಳಿದ್ದರು. ನಿಮ್ಮ ಪಾದ ಬಿಟ್ಟು ನಾಲ್ಕು ವರ್ಷ ಕಳೆದುಕೊಳ್ಳಲಾರೆ ಎಂದು ಅಡಿವೆಯ್ಯ ಕೈಮುಗಿದ. ಗುರುಗಳು ಒತ್ತಾಯ ಮಾಡಲಿಲ್ಲ.

ಈ ಸಲ ಅವರಿಗೆ ನಗಲು ತ್ರಾಣವಿರಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಶೇಂಗಾ, ಕುಸುಬಿ, ಎಳ್ಳು, ಊರವರು ಏನು ತಂದು ಸುರಿದರೂ ಎಣ್ಣೆ ತೆಗೆದು ಕೊಡುತ್ತಿದ್ದ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಅಂಗೈಯಲ್ಲಿ ಪುಡಿಮಾಡಿ, ಬಿಳಿ ಕಾಗದದ ಮೇಲೆ ತಿಕ್ಕಿ, ಬೆಳಕಿಗೆ ಹಿಡಿದು ನೋಡುವುದು ಅವನ ಮನೆತನದ ರೂಢಿ. ಕಾಗದದ ಮೇಲೆ ಜಿಡ್ಡು ಕಂಡರೆ ಹಿಂಡಿ ವಾಪಸು ಗಾಣಕ್ಕೆ. 'ಹಿಂಡಿಯಲ್ಲಿ ಎಣ್ಣೆ ಬಿಟ್ಟವ ಗಾಣಿಗನಲ್ಲ' ಎಂದು ಅವನ ಅಜ್ಜ ಹೇಳುತ್ತಿದ್ದ, ಅಪ್ಪ ಹೇಳುತ್ತಿದ್ದ, ಇವನೂ ಹೇಳುತ್ತಿದ್ದ. ಇವನ ಹಿಂಡಿ ತಿಂದರೆ ಎಮ್ಮೆ ಸೊರಗುತ್ತದೆ ಎಂದು ಊರವರು ಆಡಿಕೊಂಡರು. ಅದನ್ನೂ ಅವನು ಹೊಗಳಿಕೆ ಎಂದೇ ತಿಳಿದ.

ಹನ್ನೆರಡನೆಯ ವಯಸ್ಸಿಗೆ ಗಾಣಕ್ಕೆ ನಿಂತವನು. ಅಂದಿನಿಂದ ಒಂದು ದಿನವೂ ಮಧ್ಯಾಹ್ನ ಮಲಗಿದವನಲ್ಲ. ಊಟವಾದ ಮೇಲೆ ಗೋಡೆಗೆ ಮುಖಮಾಡಿ ಒಂದು ತಾಸು ಮಲಗಬೇಕು, ಆ ಒಂದು ತಾಸು ಯಾರೂ ತನ್ನ ಹೆಸರು ಹಿಡಿದು ಕರೆಯಬಾರದು. ಅವನ ಆಸೆ ಇಷ್ಟೇ. ದೊಡ್ಡ ಆಸೆಗಳಿದ್ದವರಿಗೆ ಇದು ನಗೆಯಾಗಿ ಕಂಡೀತು. ನಲವತ್ತು ವರ್ಷ ನಿಂತ ಕಾಲಿನವರಿಗೆ ನಗೆ ಬರುವುದಿಲ್ಲ.

ಅವನಿಗೆ ಮೂವತ್ತೈದು ಆದಾಗ ಪೇಟೆಗೆ ತಾಳೆ ಎಣ್ಣೆಯ ಡಬ್ಬಿ ಬಂತು. ಶೇಂಗಾ ಎಣ್ಣೆಯ ಅರ್ಧ ಬೆಲೆ. ಮೊದಲು ಭಜಿ ಅಂಗಡಿಯವರು ಹೋದರು, ಆಮೇಲೆ ಖಾನಾವಳಿಯವರು, ಕಡೆಗೆ ಬೀಗರ ಊಟ ಹಾಕುವವರೂ ಹೋದರು. ಎರಡು ವರ್ಷದಲ್ಲಿ ಗಾಣ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಇವನು ಹಾಗೆ ಕೂರುವ ಪೈಕಿ ಅಲ್ಲ. ಯಾವ ಎಣ್ಣೆ ನನ್ನ ಗಾಣ ನಿಲ್ಲಿಸಿತೋ ಅದರ ಮನೆಯಲ್ಲೇ ಉಣ್ಣುತ್ತೇನೆ ಎಂದ. ಎತ್ತು ಮಾರಿದ, ಗಾಣದ ಮರ ಮಾರಿದ. ರೈಲಿನಲ್ಲಿ ಎರಡು ದಿನದ ಹಾದಿಯಾಚೆ ತಾಳೆ ತೋಟಗಳಿದ್ದ ಒಂದು ಕಂಪನಿಯ ಷೇರು ಕೊಂಡ. ಉಳಿದದ್ದರಲ್ಲಿ ಒಂದು ಎಣ್ಣೆ ಅಂಗಡಿ ಇಟ್ಟು, ಅದೇ ಡಬ್ಬಿಯ ಎಣ್ಣೆಯನ್ನು ತಾನೇ ಅಳೆದು ಮಾರತೊಡಗಿದ.

ಅವತ್ತು ಹೆಂಡತಿಗೆ ಹೇಳಿದ, "ಅರವತ್ತು ಆಗೂತನಕಾ ಈ ಷೇರು ಮುಟ್ಟೂದಿಲ್ಲ. ಅರವತ್ತಾದ ದಿನ ಅಂಗಡಿ ಬಾಗಲಾ ಹಾಕಿ ಮಲಗೂದು."

"ಮಲಗಾಕ ಅಷ್ಟು ವರ್ಷ ಯಾಕ ಬೇಕ್ರಿ? ಇವತ್ತ ಮಲಗ್ರಿ," ಎಂದಳು ಹೆಂಡತಿ. ಅವಳಿಗೆ ವ್ಯವಹಾರ ತಿಳಿಯುವುದಿಲ್ಲ ಎಂದು ಅವನು ಮಾತು ಬೆಳೆಸಲಿಲ್ಲ.

ಮಾತಿನಂತೆಯೇ ನಡೆದುಕೊಂಡ. ಷೇರಿನ ಬೆಲೆ ಏರಿದಾಗ ಜೊತೆಯವರು ಮಾರಿ ಮನೆಗೆ ಮಾಳಿಗೆ ಏರಿಸಿದರು. ಬಿದ್ದಾಗ ಹೆದರಿ ಮಾರಿ ಎದೆ ಬಡಿದುಕೊಂಡರು. ಇವನು ಏರಿದಾಗಲೂ ಮಾರಲಿಲ್ಲ, ಬಿದ್ದಾಗಲೂ ಮಾರಲಿಲ್ಲ. ವರ್ಷಕ್ಕೊಮ್ಮೆ ಲಾಭಾಂಶ ಬರುತ್ತಿತ್ತು, ಅದರಲ್ಲಿ ಮತ್ತಷ್ಟು ಷೇರು ಕೊಳ್ಳುತ್ತಿದ್ದ. ಕಾಯುವುದನ್ನು ಇವನಿಂದ ಕಲಿಯಬೇಕು ಎಂದರು ಜನ. ಸುಳ್ಳೇನಲ್ಲ, ಅವನ ತಾಳ್ಮೆಯಲ್ಲಿ ಕುಂದಿರಲಿಲ್ಲ.

ಆದರೆ ಒಂದು ವಿಚಿತ್ರ ನೋಡು. ಶೇಂಗಾ ಚೀಲ ಕೊಳ್ಳುವಾಗ ಹಿಡಿ ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳದೆ ಅವನು ಬೆಲೆ ಮಾತಾಡಿದವನಲ್ಲ. ಅಂಥವನು ಲಕ್ಷ ಮರಗಳ ತೋಟವನ್ನು ಕಾಗದದ ಮೇಲೆ ನೋಡಿ ನಂಬಿದ. ತಾಳೆ ಮರ ಎಷ್ಟು ಎತ್ತರ, ಅದಕ್ಕೆ ಎಷ್ಟು ವಯಸ್ಸು, ಗೊನೆ ಇಳಿಸುವವರು ಯಾರು, ಒಂದೂ ಕೇಳಲಿಲ್ಲ. ಎಣ್ಣೆ ಬರುತ್ತಿತ್ತು. ಎಣ್ಣೆ ಬರುತ್ತಿದ್ದರೆ ಗಾಣ ಸರಿಯಿದೆ ಎಂದೇ ಅವನ ಲೆಕ್ಕ.

ಪಟ್ಟಣದಲ್ಲಿ ಕಂಪನಿಯ ವಾರ್ಷಿಕ ಸಭೆ ನಡೆಯುತ್ತಿತ್ತು. ಅವನು ವರ್ಷವೂ ತಪ್ಪದೆ ಹೋಗುತ್ತಿದ್ದ. ಅವತ್ತೊಂದು ದಿನ ಅಂಗಡಿಯಲ್ಲಿ ಹೆಂಡತಿ ನಿಲ್ಲುತ್ತಿದ್ದಳು. ಅವನಿಗೆ ಐವತ್ತನಾಲ್ಕು ನಡೆಯುತ್ತಿದ್ದ ವರ್ಷ ಕಂಪನಿಯ ಅಧ್ಯಕ್ಷ ಎದ್ದು ನಿಂತು ಒಂದು ಮಾತು ಹೇಳಿದ. ಅವನು ಮುದುಕ, ತೋಟದಲ್ಲೇ ತಲೆ ಬೆಳ್ಳಗಾದವನು. ನಮ್ಮ ಮರಗಳಿಗೆ ವಯಸ್ಸಾಯಿತು ಎಂದ. ಇನ್ನು ಕೆಲವೇ ವರ್ಷಕ್ಕೆ ಗೊನೆ ಕೈಗೆ ಎಟುಕುವುದಿಲ್ಲ, ಈಗಲೇ ಒಂದೊಂದು ಭಾಗ ಕಡಿದು ಸಸಿ ನೆಡಬೇಕು ಎಂದ. ಸಸಿ ನಾಲ್ಕು ವರ್ಷ ಹೇಳಿಕೊಳ್ಳುವಂಥ ಫಲ ಕೊಡುವುದಿಲ್ಲ, ಆ ನಾಲ್ಕು ವರ್ಷ ಲಾಭಾಂಶ ಅರ್ಧಕ್ಕೆ ಇಳಿಯುತ್ತದೆ, ನೀವೆಲ್ಲ ಒಪ್ಪಬೇಕು ಎಂದು ಕೈಮುಗಿದ.

ಗಾಣಿಗ ಬೆರಳು ಮಡಿಚಿ ಲೆಕ್ಕ ಹಾಕಿದ. ಅರವತ್ತಕ್ಕೆ ಇನ್ನು ಆರೇ ವರ್ಷ. ಅದರಲ್ಲಿ ನಾಲ್ಕು ವರ್ಷ ಅರ್ಧ ಹೋದರೆ ಅಂಗಡಿ ಮುಚ್ಚುವ ದಿನ ಮುಂದೆ ಹೋಗುತ್ತದೆ. ಅವನ ಮೊಣಕಾಲು ಆಗಲೇ ನೋಯುತ್ತಿತ್ತು, ಹೆಂಡತಿಯದು ಅದಕ್ಕಿಂತ ಹೆಚ್ಚು. ಹದಿನೇಳು ವರ್ಷ ಕಾದಿದ್ದೇನೆ, ಮತ್ತೆ ಕಾಯಬೇಕು ಎನ್ನುತ್ತಾರಲ್ಲ ಎಂದು ಅವನಿಗೆ ಅಳುವೇ ಬಂದಂತಾಯಿತು. ಎಂದೂ ಸಭೆಯಲ್ಲಿ ಬಾಯಿ ತೆರೆಯದವನು ಅವತ್ತು ಎದ್ದು ನಿಂತ.

"ನಾ ಗಾಣಿಗ್ರೀ. ನಮ್ಮಜ್ಜ ಹೇಳಿಕೊಟ್ಟದ್ದು ಒಂದ ಮಾತು. ಹಿಂಡ್ಯಾಗ ಎಣ್ಣಿ ಬಿಟ್ಟಾಂವ ಗಾಣಿಗಲ್ಲ. ಮರದಾಗ ಗೊನಿ ಇರೂತನಕಾ ಕಡೀಬ್ಯಾಡ್ರಿ."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಅಧ್ಯಕ್ಷನ ಮಾತು ಬಿದ್ದುಹೋಯಿತು. ಮರುವರ್ಷ ಆ ಮುದುಕ ಇರಲಿಲ್ಲ, ನಗುಮುಖದ ಬೇರೊಬ್ಬ ಬಂದಿದ್ದ. ಲಾಭಾಂಶ ಏರಿತು. ಅದರ ಮರುವರ್ಷ ಇನ್ನೂ ಏರಿತು. ಅಷ್ಟು ಹಣ ಬಂದದ್ದನ್ನು ಅವನು ಅದಕ್ಕೆ ಮೊದಲು ಕಂಡಿರಲಿಲ್ಲ. ಇನ್ನಷ್ಟು ಷೇರು ಕೊಂಡ.

ಆಮೇಲೆ ಇಳಿಯತೊಡಗಿತು. ಒಂದು ವರ್ಷ ಮಳೆಯ ನೆವ ಹೇಳಿದರು, ಒಂದು ವರ್ಷ ಆಳಿನ ನೆವ ಹೇಳಿದರು. ಐದನೆಯ ವರ್ಷ ಲಾಭಾಂಶವೇ ಬರಲಿಲ್ಲ. ಆರನೆಯ ವರ್ಷ ಷೇರನ್ನು ಕೇಳುವವರಿಲ್ಲ. ಅವನಿಗೆ ಅರವತ್ತು ತುಂಬಿತು. ಅವತ್ತು ಬೆಳಿಗ್ಗೆ ಎಂದಿನಂತೆ ಅಂಗಡಿ ತೆರೆದ. ಹೆಂಡತಿ ಏನೂ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ಅವನಿಗೆ ತಡೆಯದಾಯಿತು. ಮರುದಿನ ಅವಳ ಕೈಗೆ ಬೀಗದಕೈ ಕೊಟ್ಟು, ತೋಟ ನೋಡಿ ಬರುತ್ತೇನೆ ಎಂದು ರೈಲು ಹತ್ತಿದ.

ತೋಟದಲ್ಲಿ ಕಾವಲಿರಲಿಲ್ಲ, ಯಾರೂ ತಡೆಯಲಿಲ್ಲ. ಮರಗಳು ಸಾಲು ಹಿಡಿದು ನಿಂತಿದ್ದವು. ಒಂದೊಂದೂ ಎರಡು ಮಾಳಿಗೆಯ ಮನೆಯನ್ನು ಮೀರಿದ ಎತ್ತರ. ಗೊನೆಗಳು ತುದಿಯಲ್ಲೇ ಹಣ್ಣಾಗಿ, ತುದಿಯಲ್ಲೇ ಕೊಳೆಯುತ್ತಿದ್ದವು. ನೆಲದ ಮೇಲೆ ಉದುರಿದ ಕಾಯಿ ಬಿದ್ದಿದ್ದವು. ಅವನು ಒಂದನ್ನು ಎತ್ತಿಕೊಂಡು ರೂಢಿಯಂತೆ ಹೆಬ್ಬೆರಳಿನಲ್ಲಿ ಒತ್ತಿದ. ಕೆಂಪು ಎಣ್ಣೆ ಒಸರಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ಎಣ್ಣೆ ಮಾರಿದವನು ಅದು ಹುಟ್ಟುವ ಕಾಯಿಯನ್ನು ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು.

ಅಲ್ಲೊಬ್ಬ ಗೊನೆ ಕೊಯ್ಯುವವ ಉದ್ದನೆಯ ಗಳದ ತುದಿಗೆ ಕುಡಗೋಲು ಕಟ್ಟುತ್ತಿದ್ದ. ಗಾಣಿಗನ ಸೀಮೆಯವನೇ, ಹರೆಯದಲ್ಲಿ ಕೂಲಿಗೆಂದು ಗುಳೆ ಬಂದು ಅಲ್ಲೇ ಉಳಿದವನು. ಮೂವತ್ತು ವರ್ಷ ಮೇಲೆ ನೋಡಿ ನೋಡಿ ಅವನ ಕುತ್ತಿಗೆ ಹಿಂದಕ್ಕೆ ವಾಲಿ ಹಾಗೇ ನಿಂತುಬಿಟ್ಟಿತ್ತು. ಎದುರಿಗಿದ್ದವರ ಮುಖ ನೋಡಬೇಕಾದರೆ ಅವನು ಸೊಂಟ ಬಗ್ಗಿಸಬೇಕಿತ್ತು. ಅವನು ಸೊಂಟ ಬಗ್ಗಿಸಿ ಗಾಣಿಗನ ಮುಖ ನೋಡಿದ.

"ಗಳಾ ಮುಟ್ಟೂದಿಲ್ರೀ ಈಗ," ಎಂದ. "ಮುಟ್ಟಿದ್ದಷ್ಟು ಕೊಯ್ತೇವಿ, ಉಳದದ್ದು ಹಕ್ಕಿಗೆ. ಆರು ವರ್ಷದ ಹಿಂದ ಸಸಿ ಮಾಡಿದ್ವಿರೀ, ಅಕಾ ಅಲ್ಲಿ. ಚೀಲದಾಗ ಬೆಳದು ನಿಂತಿದ್ವು, ನೆಡೂದಷ್ಟ ಬಾಕಿ. ಅಷ್ಟರಾಗ ಪಟ್ಟಣದಾಗ ಮೀಟಿಂಗ್ ಆತಂತ. ಯಾರೋ ಎಣ್ಣಿ ಸಾವಕಾರ ಎದ್ದು ಒಂದ ಮಾತ ಅಂದನಂತ, ಎಲ್ಲಾರೂ ಚಪ್ಪಾಳಿ ಹೊಡದ್ರಂತ. ನೆಡಬ್ಯಾಡ್ರಿ ಅಂತ ಹುಕುಂ ಬಂತು. ಸಸಿ ಬೇರು ಚೀಲಾ ಹರಕೊಂಡು ಹೊರಗ ಬಂದ್ವು. ನಾವು ಮತ್ತೊಂದು ಬ್ಯಾಸಗಿತನಕಾ ನೀರ ಹಾಕಿದ್ವಿ, ಆಮ್ಯಾಲ ಬಿಟ್ವಿ."

"ಎಂಥಾ ಮಾತಂತ?" ಎಂದು ಕೇಳಿದ ಗಾಣಿಗ.

"ಮಾತ ಗೊತ್ತಿಲ್ರೀ. ಛಲೋ ಮಾತ ಇರಬೇಕು." ಕೊಯ್ಯುವವ ಗಳಕ್ಕೆ ಇನ್ನೊಂದು ಸುತ್ತು ಹಗ್ಗ ಬಿಗಿದ. "ಅವತ್ತ ನೆಟ್ಟಿದ್ರ ಈಗ ಎರಡನೇ ವರ್ಷದ ಗೊನಿ ಬರ್ತಿತ್ತು. ಎಳೀ ಮರ ಗಿಡ್ಡ ಇರ್ತಾವ್ರೀ. ಈ ಕುತ್ತಿಗಿ ಇಟ್ಟಕೊಂಡ ನಾನೂ ಕುಂತ ಕೊಯ್ತಿದ್ದೆ."

ಗಾಣಿಗ ಸಸಿಗಳಿದ್ದ ಜಾಗಕ್ಕೆ ಹೋಗಿ ನಿಂತ. ಹರಿದ ಕರಿಯ ಚೀಲಗಳು ಸಾಲಾಗಿ ಹಾಗೇ ಇದ್ದವು, ಒಳಗೆ ಒಣಗಿದ ಮಣ್ಣು. ಶೇಂಗಾ ಬೀಜ ಗಾಣಕ್ಕೆ ಬಂದರೆ ಅದರ ಬಾಳು ಅಲ್ಲಿಗೆ ಮುಗಿಯಿತು, ಅದನ್ನು ಪೂರಾ ಹಿಂಡಬೇಕು. ಮರವನ್ನು ಹಾಗೆ ಹಿಂಡಬಾರದು. ಇಷ್ಟು ತಿಳಿಯಲು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಸಲ ಬಂದು ನೋಡಿದ್ದರೆ ಸಾಕಿತ್ತು. ಆ ಮಾತು ಆಡಿದವನು ನಾನೇ ಎಂದು ಕೊಯ್ಯುವವನಿಗೆ ಹೇಳಬೇಕೆಂದು ಬಾಯಿಯ ತನಕ ಬಂತು. ಅವನ ಕುತ್ತಿಗೆ ನೋಡಿ ಹೇಳಲಾಗಲಿಲ್ಲ.

ಊರಿಗೆ ಬಂದಾಗ ಹೆಂಡತಿ ಅಂಗಡಿಯಲ್ಲಿ ನಿಂತಿದ್ದಳು. ಹೇಗಿವೆ ಮರ ಎಂದು ಕೇಳಿದಳು. ಎತ್ತರ ಆಗಿವೆ ಎಂದ. ಕಾಲು ತೊಳೆದು ಬಂದು ಅವಳನ್ನು ಒಳಗೆ ಕಳಿಸಿ, ತಾನು ಅಳತೆಯ ಮಾಪು ಕೈಗೆತ್ತಿಕೊಂಡ. ಆಗ ಮಧ್ಯಾಹ್ನದ ಹೊತ್ತು.

ಗುರುಗಳು ಕತೆ ನಿಲ್ಲಿಸಿದರು. ಇಷ್ಟು ಮಾತಾಡಿ ಅವರಿಗೆ ಉಬ್ಬಸ ಬಂದಿತ್ತು. ಅಡಿವೆಯ್ಯ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟ. ಅವನಿಗೆ ಗಾಣಿಗನ ಮೇಲೆ ಮರುಕವೂ ಹುಟ್ಟಿತ್ತು, ಸಿಟ್ಟೂ ಬಂದಿತ್ತು.

"ಎಂಥಾ ಮನಶಾರೀ ಅಂವಾ!" ಎಂದ. "ನಾಲ್ಕು ವರ್ಷ ಏನು ಮಹಾ? ಒಪ್ಪಿಕೊಂಡಿದ್ರ ಕಣ್ಣ ಮುಚ್ಚಿ ತೆಗ್ಯೂದರಾಗ ಹೋಗ್ತಿದ್ವು."

ಗುರುಗಳು ನೀರು ಕುಡಿದು ತಂಬಿಗೆ ಕೆಳಗಿಟ್ಟರು.

"ಗುಡ್ಡದ ಮಠಾ ಒಲ್ಲೆ ಅಂತ ಉಳಿಸಿಕೊಂಡಿಯಲ್ಲ, ಆ ನಾಲ್ಕು ವರ್ಷ ಎಲ್ಲಿಟ್ಟೀ, ತಮ್ಮಾ?"

ತಂಬಿಗೆ ಎತ್ತಿಕೊಳ್ಳಲು ಕೈ ಚಾಚಿದ್ದ ಅಡಿವೆಯ್ಯ ತಲೆಯೆತ್ತಿ ಗುಡ್ಡದ ಕಡೆ ನೋಡಿದ.