ಸಾವಂತ್ರವ್ವನ ಹಾಸು, ದುಂಡ್ಯಾನ ಕಾವಲು

ನೇಕಾರ ಓಣಿಯ ಸಾವಂತ್ರವ್ವನಿಗೆ ಒಬ್ಬ ಮಗ, ದುಂಡ್ಯಾ. ಓಣಿಗೆಲ್ಲ ಅವನು ನಗು, ಅವಳಿಗೆ ತಲೆಬೇನೆ. ಹೇಳಿದ್ದನ್ನು ಮಾಡದ ಮಕ್ಕಳನ್ನು ನಾನು ಊರೂರಲ್ಲಿ ಕಂಡಿದ್ದೇನೆ. ಇವನದು ಉಲ್ಟಾ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ.

ಮಗಳು ನಿಂಬೆವ್ವನ ಮದುವೆ ಹತ್ತಿರ ಬಂದಿತ್ತು. ಮದುಮಗಳು ತನ್ನ ಮನೆಯ ಮಗ್ಗದ ಸೀರೆ ಉಟ್ಟೇ ಹಸೆಗೆ ಕೂಡಬೇಕು, ಅದು ಆ ಓಣಿಯ ಪದ್ಧತಿ. ಅಂಗಡಿ ಸೀರೆ ಉಟ್ಟು ಕೂತವಳನ್ನು ಬೀಗಿತ್ತಿಯರು ಸಾಯೋತನಕ ಆಡಿಕೊಳ್ಳುತ್ತಾರೆ. ಸಾವಂತ್ರವ್ವನ ಹತ್ತಿರ ಇದ್ದದ್ದೋ ಒಂದೇ ಸೀರೆಗಾಗುವಷ್ಟು ನೂಲು. ಅದನ್ನು ಬೀದಿಯುದ್ದಕ್ಕೂ ಹಾಸಿ, ಬಿಗಿಯಾಗಿ ಎಳೆದು, ಅಕ್ಕಿ ಗಂಜಿ ಸವರಿ ಒಣಗಿಸಿದರೇನೇ ಮಗ್ಗಕ್ಕೆ ಏರುವುದು. ಇದಕ್ಕೇ ಹಾಸು ಅನ್ನುತ್ತಾರೆ.

ಒಂದು ತುದಿ ಅವಳು ಹಿಡಿದಳು. ಇನ್ನೊಂದು ತುದಿಗೆ ಮಗನನ್ನು ನಿಲ್ಲಿಸುವ ಧೈರ್ಯವಿಲ್ಲ. ಮೂಗಿನ ಮೇಲೆ ನೊಣ ಕೂತರೆ ಎರಡೂ ಕೈ ಬಿಡುವವನು.

"ಹೋಗಿ ಯಾರನ್ನಾರ ಕರ್ಕೊಂಡು ಬಾ" ಅಂದಳು.

ದುಂಡ್ಯಾ ಬಸ್‌ಸ್ಟ್ಯಾಂಡಿಗೆ ಹೋಗಿ ಎದುರಿಗೆ ಸಿಕ್ಕವನ ಕೈ ಹಿಡಿದು ಎಳೆದು ತಂದ. ಪರವೂರಿನ ಮನುಷ್ಯ, ಬಗಲಲ್ಲಿ ಚೀಲ. ಯಾರದೋ ಜೀವ ಹೋಗುತ್ತಿದೆ ಅಂದುಕೊಂಡು ಪಾಪ ಓಡಿ ಬಂದಿದ್ದ. ಬಂದವನು ತುದಿ ಹಿಡಿದೂ ನಿಂತ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ತುದಿ ಬಿಟ್ಟು ಓಡಿದ. ನೂಲೆಲ್ಲ ಮಣ್ಣಿಗೆ ಬಿತ್ತು.

ಎಳೆ ಎಳೆ ಬಿಡಿಸುತ್ತ ಸಾವಂತ್ರವ್ವ ಬೈದಳು. ಯಾರನ್ನಾದರೂ ಅಂದರೆ ದಾರಿಹೋಕರನ್ನೇನೋ, ನನ್ನನ್ನು ಚೆನ್ನಾಗಿ ಬಲ್ಲವರನ್ನು ಕರೆಯಬಾರದೇನೋ ಅಂದಳು.

ಅವ್ವನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಯಾರು? ದುಂಡ್ಯಾ ನೆಟ್ಟಗೆ ಹೋಗಿ ಅವಳ ಓರಗಿತ್ತಿ ತಾರವ್ವನನ್ನು ಕರೆತಂದ. ಮನೆ ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ತಾರವ್ವ ತುದಿಯನ್ನು ಮುಟ್ಟಲೇ ಇಲ್ಲ. ಸೊಂಟದ ಮೇಲೆ ಕೈಯಿಟ್ಟು, ತಾನು ಇವಳನ್ನು ಎಷ್ಟು ಚೆನ್ನಾಗಿ ಬಲ್ಲೆ ಅನ್ನುವುದನ್ನು ಓಣಿಗೆಲ್ಲ ಕೇಳುವಂತೆ ಹೇಳಿದಳು. ಹೇಳಿ ಹೇಳಿ ಬಾಯಾರಿ, ಇವರ ಮನೆಯಲ್ಲೇ ನೀರು ಕುಡಿದು ಹೋದಳು.

ಸಾಕು, ನನಗೆ ಯಾರೂ ಬೇಡ ಅಂದವಳೇ ಸಾವಂತ್ರವ್ವ ಆ ತುದಿಯನ್ನು ಲೈಟಿನ ಕಂಬಕ್ಕೆ ಬಿಗಿದಳು. ಒಬ್ಬಳೇ ಎಳೆದು ತನ್ನ ತುದಿಯನ್ನು ಬಾಗಿಲ ಗೂಟಕ್ಕೆ ಕಟ್ಟಿದಳು, ಒಬ್ಬಳೇ ಗಂಜಿ ಸವರಿದಳು. ಗಂಜಿ ಸಾಲಲಿಲ್ಲ. ಒಳಗೆ ಹೋಗಿ ಮತ್ತೆ ಕಾಯಿಸಬೇಕು. ಮಗನ ಕೈಗೆ ಕೋಲು ಕೊಟ್ಟಳು.

"ಹಾಸನ್ನ ಯಾರೂ ಮುಟ್ಟಬಾರದು. ಯಾರೂ ಅಂದ್ರ ಯಾರೂ. ತಿಳೀತಿಲ್ಲೋ?"

ದುಂಡ್ಯಾ ತಲೆಯಾಡಿಸಿದ.

ಗೌಳಿಗರ ಎಮ್ಮೆಗೆ ಗಂಜಿಯ ವಾಸನೆ ಬಡಿಯಿತು. ಬಂತು, ನೆಕ್ಕಿತು, ರುಚಿ ಹತ್ತಿ ಅಗಿಯತೊಡಗಿತು. ಎದುರುಮನೆಯವರು ಓಡಿಬಂದರು. ದುಂಡ್ಯಾ ಕೋಲು ಬೀಸಿ ಅವರನ್ನು ಅಟ್ಟಿದ. ಗದ್ದಲ ಕೇಳಿ ಸಾವಂತ್ರವ್ವ ಗಂಜಿ ಗಡಿಗೆ ಹಿಡಿದೇ ಬಂದಳು. ಎಮ್ಮೆ ಓಡಿಸೋ ಅಂತ ಬಾಯಿ ಬಡಿದುಕೊಂಡಳು.

"ದೂರ ಸರಿ ಅವ್ವಾ" ಅಂದ ದುಂಡ್ಯಾ, ಕೋಲು ಅಡ್ಡ ಹಿಡಿದು. "ಯಾರೂ ಅಂದ್ರ ಅದ್ರಾಗ ನೀನೂ ಬಂದಿ."

ಎಮ್ಮೆ ತಲೆಯೆತ್ತಿತು. ಕೊಂಬಿಗೆ ಸಿಕ್ಕ ಹಾಸು ಕಂಬದಿಂದಲೂ ಗೂಟದಿಂದಲೂ ಕಿತ್ತುಕೊಂಡು ಬಂತು. ನಿಂಬೆವ್ವನ ಮದುವೆ ಸೀರೆಯನ್ನು ಬೀದಿಯುದ್ದಕ್ಕೂ ಎಳೆಯುತ್ತ ಎಮ್ಮೆ ಕೆಸರಿನ ಹೊಂಡಕ್ಕೆ ಇಳಿಯಿತು.

ಸಾವಂತ್ರವ್ವ ನಡುಬೀದಿಯಲ್ಲಿ ಕುಸಿದು ಕೂತಳು. ದುಂಡ್ಯಾ ಪಕ್ಕದಲ್ಲಿ ಕೂತು ಬೆವರು ಒರೆಸಿಕೊಂಡ.

"ಯಾಕ ಅಳ್ತಿ ಅವ್ವಾ? ಒಬ್ಬರಿಗೂ ಹಾಸು ಮುಟ್ಟಗೊಟ್ಟಿಲ್ಲ."