ಗೊರವಂಕ ಮತ್ತು ಪರಿಶೀಲನಾ ಸಮಿತಿ

ಕಾಡಿನ ಕಂಪ್ಯೂಟರು ಅಪಾಯದ ಸೂಚನೆಗಳನ್ನು ಆನೆಗಳ ಭಾಷೆಯಲ್ಲಿ ಮಾತ್ರ ಕೊಡುತ್ತಿತ್ತು. ಮೊಲಗಳ ಭಾಷೆ ಬಲ್ಲ ಗೊರವಂಕ ಹಕ್ಕಿ ಅನುವಾದಕ್ಕೆ ಕೂತಾಗ ಸಮಿತಿಯ ಅಧ್ಯಕ್ಷ ನರಿ ತಡೆಯಿತು.

“ಎಲ್ಲರೂ ಕೂಡಿ ಅನುವಾದಿಸಲು ಒಂದು ತಂತ್ರಾಂಶ ಬೇಕು. ಅದು ಮುಕ್ತವಾಗಿರಬೇಕು, ನಮ್ಮದೇ ಸರ್ವರಿನಲ್ಲಿ ನಡೆಯಬೇಕು. ಅಂಥವು ಮೂರಿವೆ. ಮೊದಲು ಪರೀಕ್ಷೆಯಾಗಲಿ.”

ಗೊರವಂಕ ಮೂರರಲ್ಲೂ ‘ನಮಸ್ಕಾರ’ ಎಂಬುದನ್ನು ಮೊಲಗಳ ಭಾಷೆಗೆ ತಂದಿತು. ಮೊದಲನೆಯದು ತೀರಾ ನಿಧಾನವೆಂದು ಆಮೆ ದೂರಿತು. ಎರಡನೆಯದರ ಬಣ್ಣ ಊಸರವಳ್ಳಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಮೂರಕ್ಕೂ ಹೊಸ ಆವೃತ್ತಿ ಬಂತು. ಪರೀಕ್ಷೆ ಮತ್ತೆ ಮೊದಲಿನಿಂದ ಶುರುವಾಯಿತು.

“ಕೆರೆಯಂಚಿನಲ್ಲಿ ಉರುಳು ಒಡ್ಡಿದ್ದಾರೆ. ಅದೊಂದು ವಾಕ್ಯವನ್ನಾದರೂ ಹಾಕಿಬಿಡುತ್ತೇನೆ,” ಎಂದಿತು ಗೊರವಂಕ.

“ಪರೀಕ್ಷೆಗೆ ನಮಸ್ಕಾರವೇ ಸಾಕು,” ಎಂದಿತು ನರಿ.

ಗೊರವಂಕ ಹಾರಿಹೋಗಿ ಕೂಗಿ ಹೇಳಬಹುದಿತ್ತು. ಆದರೆ ಸಮಿತಿಯಲ್ಲಿ ಜಾಗ ಸಿಕ್ಕಿದ್ದು ಮೊನ್ನೆ ಮೊನ್ನೆ. ಮತ್ತೆ ‘ನಮಸ್ಕಾರ’ವನ್ನೇ ಅನುವಾದಿಸುತ್ತ ಕೂತಿತು.

ಮಳೆಗಾಲ ಕಳೆದ ಮೇಲೆ ಮೂರನೆಯದು ಆಯ್ಕೆಯಾಯಿತು. ಗೊರವಂಕ ಉರುಳಿನ ವಾಕ್ಯವನ್ನು ಬರೆದು, ಓದಿ ಹೇಳಲೆಂದು ಪೊದೆಯಿಂದ ಪೊದೆಗೆ ಹಾರಿ ಮೊಲಗಳನ್ನು ಹುಡುಕಿತು. ಒಂದೂ ಸಿಗಲಿಲ್ಲ.

“ಓದುವುದಕ್ಕೆ ಮೊಲಗಳೇ ಉಳಿದಿಲ್ಲ,” ಎಂದಿತು ಮರಳಿ ಬಂದು.

ನರಿ ಭಾಷೆಗಳ ಪಟ್ಟಿಯಲ್ಲಿ ಮೊಲಗಳ ಹೆಸರಿನ ಮೇಲೆ ಗೆರೆಯೆಳೆಯಿತು. “ಬಿಡು, ಒಂದು ಭಾಷೆಯ ಕೆಲಸ ಕಡಿಮೆಯಾಯಿತು.”