ಬಂಡಿಮನೆಯ ಬಾಗಿಲು ಕೇಳಿದ್ದು

"ಕೇಳಿರಿ, ಕಣಿವೆಪುರದ ಪ್ರಜೆಗಳೇ. ಅರಮನೆಯ ಬಂಡಿಮನೆಯ ಬಾಗಿಲು ಬಿದ್ದು, ಅರಸುಮಗಳು ಹೊನ್ನಾಜಿ ಅಮ್ಮಣ್ಣಿಯವರು ಒಳಗೆ ಸಿಕ್ಕಿಕೊಂಡಿದ್ದಾರೆ. ಬಾಗಿಲು ಕಾಯುವ ರಕ್ಕಸನ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ಅಮ್ಮಣ್ಣಿ ಒಪ್ಪಿದರೆ ಅವರ ಕೈಹಿಡಿಯುವ ಭಾಗ್ಯ. ತಪ್ಪಿದವರು ಕಲ್ಲಾಗುತ್ತಾರೆ. ಸಂಜೆಯೊಳಗೆ ಬನ್ನಿ. ಒಳಗೆ ಗಾಳಿಯಾಡುವುದಿಲ್ಲ."

ಡಂಗುರ ಸಾರುವವನು ಬೀದಿ ಬೀದಿಯಲ್ಲಿ ಕೂಗುತ್ತಾ ಓಡಿದ.

ಆ ಬಾಗಿಲು ಎಲ್ಲ ಬಾಗಿಲುಗಳಂತೆ ಪಕ್ಕಕ್ಕೆ ತೆರೆಯುತ್ತಿರಲಿಲ್ಲ, ಮೇಲಕ್ಕೆ ಏಳುತ್ತಿತ್ತು. ಅದರ ತಲೆಯ ಮೇಲೆ ಒಬ್ಬ ರಕ್ಕಸ ಸರಪಳಿ ಹಿಡಿದು ಕೂತಿರುತ್ತಿದ್ದ. ರಾಜ ಕಂಚಿನ ಗಂಟೆ ಬಾರಿಸಿದರೆ ಅವನು ಬಾಗಿಲು ಎತ್ತಬೇಕು, ಮತ್ತೆ ಬಾರಿಸಿದರೆ ಇಳಿಸಬೇಕು. ಇಳಿಸುವಾಗ ಕೆಳಗೆ ಯಾರಾದರೂ ಸಿಕ್ಕಿ ಸಾಯಬಾರದಲ್ಲ, ಅದಕ್ಕಾಗಿ ಹೊಸ್ತಿಲ ಬಳಿ ಮೊಣಕಾಲೆತ್ತರದಲ್ಲಿ ಒಂದು ಗಾಜಿನ ಕಣ್ಣಿತ್ತು. ರಕ್ಕಸ ನೋಡುತ್ತಿದ್ದದ್ದು ಅದರಿಂದಲೇ. ಅವನಿಗೊಂದು ಶಾಪವೂ ಇತ್ತು: ತನ್ನ ಕಷ್ಟವನ್ನು ನೇರವಾಗಿ ಹೇಳುವಂತಿಲ್ಲ, ಒಗಟಾಗಿಯೇ ಕೇಳಬೇಕು.

ಬಾಗಿಲು ಕೆಟ್ಟದ್ದು ಆಯುಧಪೂಜೆಯ ಸಂಜೆಯಿಂದ. ಅಂದು ಸೊಂಟದ ಮಟ್ಟಕ್ಕೆ ಇಳಿದು ಮತ್ತೆ ಮೇಲೇರಿತು. ಮರುದಿನ ನಾಲ್ಕು ಆಳುಗಳು ಜೋತುಬಿದ್ದು ಮುಚ್ಚಿದರೆ, ಮಧ್ಯಾಹ್ನ ಯಾರೂ ಕರೆಯದೆ ತೆರೆದುಕೊಂಡಿತು. ಮೂರನೆಯ ದಿನ ಹೊನ್ನಾಜಿ ಬಂಡಿ ನೋಡಲು ಒಳಗೆ ಹೋದಾಗ ದಡಾರನೆ ಬಿತ್ತು. ಆಮೇಲೆ ಸರಪಳಿ ಓಡಿತೇ ಹೊರತು ಬಾಗಿಲು ಕದಲಲಿಲ್ಲ.

ಮೊದಲು ಬಂದವನು ಪಕ್ಕದ ರಾಜ್ಯದ ಯುವರಾಜ ರಣಧೀರ. ರಕ್ಕಸ ಕೇಳಿದ: "ಇಳಿಯಲೆಂದೇ ಇಳಿಯುತ್ತೇನೆ, ಅರ್ಧಕ್ಕೆ ಹೆದರಿ ಮೇಲೇರುತ್ತೇನೆ. ಹೊಸ್ತಿಲಲ್ಲಿ ಯಾರೂ ಇಲ್ಲ ಎನ್ನುತ್ತೀರಿ, ನನಗೆ ಯಾರೋ ಇದ್ದಾರೆ. ಯಾರವರು?"

"ದೆವ್ವ. ಪೂಜೆ ಸಾಲದು, ಇನ್ನೊಂದು ಮಾಡಿಸಿ," ಎಂದ ಯುವರಾಜ. ಮಾತು ಮುಗಿಯುವಷ್ಟರಲ್ಲಿ ಅವನು ಕಲ್ಲಾಗಿ ಸರಪಳಿಗೆ ನೇತುಬಿದ್ದ.

ಆಸ್ಥಾನದ ಪಂಡಿತ ನರಹರಿ ಬಹಳ ಹೊತ್ತು ಯೋಚಿಸಿದ. "ಗಾಳಿ. ಇದ್ದೂ ಕಾಣದಿರುವುದು ಅದೊಂದೇ." ಅವನೂ ಯುವರಾಜನ ಪಕ್ಕದಲ್ಲಿ ನೇತಾಡಿದ.

ಒಳಗಿನಿಂದ ಹೊನ್ನಾಜಿ ಬಾಗಿಲು ಬಡಿಯುವ ಸದ್ದು ಬರುತ್ತಲೇ ಇತ್ತು. ಬೆಳಿಗ್ಗೆ ಜೋರಾಗಿದ್ದ ಸದ್ದು ಈಗ ತಡೆದು ತಡೆದು ಬರುತ್ತಿತ್ತು. ಆಗ ಗುಂಪಿನಿಂದ ಒಬ್ಬ ತರುಣ ಮುಂದೆ ಬಂದ.

"ಯಾರಯ್ಯಾ ನೀನು?" ರಾಜ ಕೇಳಿದ.

"ಬಂಡಿ ಗಾಲಿಗೆ ಎಣ್ಣೆ ಬಿಡೋ ತಿಪ್ಪ, ಬುದ್ಧಿ."

ರಕ್ಕಸ ಬಗ್ಗಿ ನೋಡಿದ. "ನಿನ್ನ ಹಲ್ಲು ಕಟಕಟ ಅನ್ನೋದು ಇಲ್ಲಿಗೆ ಕೇಳ್ತಿದೆ. ವಾಪಸು ಹೋಗು."

"ಹೋಗೋಣ ಅಂತಲೇ ಇದೆ ಸ್ವಾಮಿ, ಕಾಲು ಬರ್ತಾ ಇಲ್ಲ."

ರಕ್ಕಸ ಮೊದಲ ಒಗಟನ್ನೇ ಕೇಳಿದ. ತಿಪ್ಪ ರಾಜನ ಮುಖ ನೋಡಿದ, ಸೊಂಟದ ಕತ್ತಿ ನೋಡಿದ, ಬಾಗಿಲು ಬಡಿಯುವ ಸದ್ದು ಕೇಳಿದ.

"ಹೊಸ್ತಿಲಲ್ಲಿ ಇರೋದು ತಾವು ಹಚ್ಚಿದ ಕುಂಕುಮ, ಬುದ್ಧಿ. ಪೂಜೆ ದಿನ ತಾವೇ ಗಾಜಿನ ಕಣ್ಣಿಗೆ ದಪ್ಪಗೆ ಬಳಿದಿರಿ. ಕಣ್ಣು ಮುಚ್ಚಿದ್ದಕ್ಕೆ, ಯಾರೋ ಅಡ್ಡ ನಿಂತಿದ್ದಾರೆ ಅಂತ ಇವರಿಗೆ ಭಯ." ಹಾಗೆಂದು ರುಮಾಲು ಒದ್ದೆ ಮಾಡಿ ಒರೆಸಿದ. ಮೂರು ದಿನದಿಂದ ನೀರು ಸುರಿಸುತ್ತಿದ್ದ ರಕ್ಕಸನ ಕಣ್ಣು ತಿಳಿಯಾಯಿತು. ರಾಜನ ಮುಖ ಮಾತ್ರ ಕೆಂಪಾಯಿತು.

"ಎರಡನೆಯದು. ಒಡೆಯ ಕರೆಯಲಿಲ್ಲ, ಆದರೂ ಒಡೆಯನ ದನಿ ಕೇಳಿ ಎದ್ದೆ. ಕರೆದವರು ಯಾರು?"

"ರಾಣಿಯಮ್ಮನವರ ಹಸು. ಹಬ್ಬಕ್ಕೆ ಅದಕ್ಕೆ ಹೊಸ ಗಂಟೆ ಕಟ್ಟಿದ್ದಾರೆ. ಅದನ್ನೂ ಬುದ್ಧಿಯವರ ಗಂಟೆಯನ್ನೂ ಕಂಚುಗಾರ ಒಂದೇ ಅಚ್ಚಲ್ಲಿ ಎರಕ ಹೊಯ್ದದ್ದು. ಎರಡರ ದನಿಯೂ ಒಂದೇ." ಅಷ್ಟರಲ್ಲಿ ಹಿತ್ತಲಲ್ಲಿ ಹಸು ಕತ್ತು ಕೊಡವಿತು. ಯಾರೂ ಕರೆಯದೆ ರಕ್ಕಸನ ಕೈ ಸರಪಳಿಯನ್ನು ಜಗ್ಗಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು.

"ಮೂರನೆಯದು. ನನ್ನ ಕೈ ಸೋತಿಲ್ಲ, ಸರಪಳಿ ಹರಿದಿಲ್ಲ, ಬಾಗಿಲು ಮುರಿದಿಲ್ಲ. ಆದರೂ ಎಳೆದದ್ದು ಏಳುವುದಿಲ್ಲ. ನಡುವೆ ಕೈ ಬಿಡಿಸಿದವರು ಯಾರು?"

ತಿಪ್ಪ ಮತ್ತೆ ರಾಜನ ಕತ್ತಿಯತ್ತ ನೋಡಿದ. ಉತ್ತರ ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದದ್ದಕ್ಕೇ. ಒಳಗಿನ ಬಡಿತ ನಿಂತೇಹೋಯಿತು.

"ನಾನು," ಎಂದ ತಿಪ್ಪ. "ಸರಪಳಿಗೂ ಬಾಗಿಲಿಗೂ ನಡುವೆ, ಒಳಗಡೆ, ಒಂದು ಕೊಕ್ಕೆ ಇದೆ. ಅದನ್ನು ಬಿಡಿಸೋಕೆ ಕೆಂಪು ಹಗ್ಗ ಇದೆ. ಪೂಜೆ ದಿನ, ದೃಷ್ಟಿಯಾಗದಿರಲಿ ಅಂತ ಬೂದುಗುಂಬಳ ಕಟ್ಟು ಅಂದರು. ನಾನು ಆ ಹಗ್ಗಕ್ಕೇ ಕಟ್ಟಿದೆ. ಮೂರು ದಿನ ಅದರ ಭಾರ ಎಳೆದೂ ಎಳೆದೂ ಕೊಕ್ಕೆ ಬಿಡಿಸಿಬಿಡ್ತು." ಆಮೇಲೆ ಬಾಗಿಲಿಗೆ ಬಾಯಿಟ್ಟು ಕೂಗಿದ: "ಅಮ್ಮಣ್ಣೀ, ಬಂಡಿ ಹತ್ತಿ. ಕುಂಬಳಕಾಯಿ ಬಿಚ್ಚಿ, ಕೊಕ್ಕೆ ಸರಪಳಿಗೆ ಸಿಕ್ಕಿಸಿ."

ಸದ್ದಿಲ್ಲ. ಮತ್ತೆ ಕೂಗಿದ. ಆಗಲೂ ಇಲ್ಲ. ರಾಜ ಗೋಡೆಗೆ ಕೈ ಊರಿದ. ಬಹಳ ಹೊತ್ತಿನ ಮೇಲೆ ಒಳಗೆ ಏನೋ ಧೊಪ್ಪೆಂದು ಬಿತ್ತು, ಕಬ್ಬಿಣ ಕಟಕ್ಕೆಂದಿತು. ರಕ್ಕಸ ಜಗ್ಗಿದ, ಬಾಗಿಲು ಎದ್ದಿತು. ಕಲ್ಲುಗಳೆರಡೂ ಕೆಳಗುರುಳಿ ಯುವರಾಜನೂ ಪಂಡಿತನೂ ಆದವು. ಹೊನ್ನಾಜಿ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ಕೂತು ಉಸಿರೆಳೆದುಕೊಂಡಳು.

ಮಗಳು ಬದುಕಿದ್ದಾಳೆಂದು ತಿಳಿದ ಮೇಲೆ ರಾಜನಿಗೆ ಸಿಟ್ಟು ಬಂತು. ಕತ್ತಿಗೆ ಕೈ ಹಾಕಿ, "ಆ ಕುಂಬಳಕಾಯಿಗೆ ನಿನ್ನ ತಲೆ ಹೋಗಬೇಕು," ಎಂದ. ತಿಪ್ಪ ಕಣ್ಣು ಮುಚ್ಚಿಕೊಂಡ.

"ಹಾಗಾದರೆ ಕುಂಕುಮಕ್ಕೆ ಯಾರ ತಲೆ, ಅಪ್ಪಾಜಿ?" ಎಂದಳು ಹೊನ್ನಾಜಿ.

ರಾಜ ಕತ್ತಿಯಿಂದ ಕೈ ತೆಗೆದ. ತಿಪ್ಪನತ್ತ ತಿರುಗಿ, "ಅರ್ಧ ರಾಜ್ಯ ನಿನ್ನದು," ಎಂದ.

"ಉಳಿದ ಮಾತಿಗೆ ನನ್ನ ಒಪ್ಪಿಗೆಯಿದೆ," ಎಂದಳು ಹೊನ್ನಾಜಿ. "ಇಷ್ಟು ಹೆದರಿದವನು ತನ್ನ ತಪ್ಪನ್ನು ತಾನೇ ಹೇಳಿದ. ಹೆದರದೆ ಬಂದ ಇಬ್ಬರು ಏನು ಹೇಳಿದರು ಅನ್ನೋದು ನನಗೂ ಒಳಗೆ ಕೇಳಿಸ್ತು."

ಮರುವರ್ಷದ ಆಯುಧಪೂಜೆಗೆ ಕುಂಕುಮವನ್ನು ಗೋಡೆಗೆ ಹಚ್ಚಿದರು, ಕುಂಬಳಕಾಯಿಯನ್ನು ಬೇರೆ ಮೊಳೆಗೆ ಕಟ್ಟಿದರು, ಹಸುವಿನ ಗಂಟೆ ಬದಲಾಯಿತು. ರಾಜನ ಅಳಿಯ ತಿಪ್ಪ ಒದ್ದೆ ಬಟ್ಟೆ ಹಿಡಿದು ಗಾಜಿನ ಕಣ್ಣಿನ ಪಕ್ಕದಲ್ಲೇ ನಿಂತಿದ್ದ. ಬಾಗಿಲು ಇಳಿಯುವಾಗ ಅವನ ಹಲ್ಲು ಆಗಲೂ ಕಟಕಟ ಎನ್ನುತ್ತಿತ್ತು. ತಿಪ್ಪ ಹೊಸ್ತಿಲು ದಾಟಿ, ಆ ಸದ್ದು ದೂರ ಹೋದಮೇಲೆಯೇ ರಕ್ಕಸ ಬಾಗಿಲನ್ನು ಪೂರ್ತಿ ಇಳಿಸಿದ.